ಎರಡು ತಿಂಗಳಲ್ಲಿ ಪೈಲ್ವಾನ್?

ಉಮ್ಮತ್ತೂರಿನಂಥ ಹಳ್ಳಿಯಲ್ಲೂ ಈಗ ಕಾಲೇಜಿಗೆ ಹೋಗುವ ಹುಡುಗ ಮನೆಯಲ್ಲಿ ಕೇಳುವುದು ಹೊಸ ಬಟ್ಟೆಯನ್ನಲ್ಲ, ಪ್ರೋಟೀನ್ ಪುಡಿಯ ಡಬ್ಬಿಯನ್ನು. “ಅಮ್ಮೀ, ಎರಡೇ ತಿಂಗಳಲ್ಲಿ ಬಾಡಿ ಬರುತ್ತೆ, ಎಲ್ಲರೂ ತಗೊಳ್ತಾರೆ” ಎನ್ನುತ್ತಾನೆ. ಡಬ್ಬಿಯ ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಇಲ್ಲವೆಂದರೆ ಮಗ ಮುನಿಸಿಕೊಳ್ಳುತ್ತಾನೆ, ಕೊಟ್ಟರೆ ತಿಂಗಳ ಸಾಮಾನಿಗೆ ಕತ್ತರಿ ಬೀಳುತ್ತದೆ. ಈ ಜಗಳದ ಮೂಲ ಡಬ್ಬಿಯಲ್ಲ, ‘ಎರಡು ತಿಂಗಳು’ ಎಂಬ ಆ ಮಾತು.

ಸ್ನಾಯು ಅಷ್ಟು ಬೇಗ ಬೆಳೆಯುವುದಿಲ್ಲ. ಹೊಸದಾಗಿ ವ್ಯಾಯಾಮ ಶುರು ಮಾಡಿದ ಯುವಕನಿಗೆ, ಊಟ-ನಿದ್ದೆ ಎಲ್ಲವೂ ಸರಿಯಿದ್ದರೆ, ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಅರ್ಧ ಕಿಲೋದಿಂದ ಒಂದು ಕಿಲೋ ಸ್ನಾಯು ಕೂಡಿದರೆ ಅದೇ ದೊಡ್ಡದು. ಹೆಂಗಸರಿಗೆ ಅದರ ಅರ್ಧದಷ್ಟು. ವರ್ಷ ಕಳೆದಂತೆ ಈ ವೇಗವೂ ತಗ್ಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚು ಭಾರ ಎತ್ತಲು ಸಾಧ್ಯವಾಗುವುದು ನರಗಳು ಆ ಕೆಲಸ ಕಲಿತದ್ದರಿಂದ. ತೋಳು ಇನ್ನೂ ಹಾಗೆಯೇ ಇರುತ್ತದೆ. ಇದು ತಿಳಿಯದ ಹುಡುಗ ಕನ್ನಡಿ ನೋಡಿ ನೋಡಿ ಬೇಸತ್ತು ಬಿಟ್ಟುಬಿಡುತ್ತಾನೆ. ಇಲ್ಲವೇ ಯಾರೋ ತೋರಿಸಿದ ಇಂಜೆಕ್ಷನ್ನಿನ ಕಡೆ ಹೊರಳುತ್ತಾನೆ.

ಆ ಇಂಜೆಕ್ಷನ್ನಿನ ವಿಷಯದಲ್ಲಿ ಮಾತ್ರ ತಾಯಿ ಮೆತ್ತಗಾಗಬಾರದು. ಸ್ಟೀರಾಯ್ಡ್ ಸೇರಿದಾಗ ದೇಹ ತನ್ನದೇ ಗಂಡು ಹಾರ್ಮೋನ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಮುಂದೆ ಸಂತಾನಕ್ಕೆ ತೊಂದರೆಯಾಗಬಹುದು, ಹೃದಯ ಮತ್ತು ಯಕೃತ್ತಿಗೂ ಹಾನಿ. ಮಗನ ಮೈಯಲ್ಲಿ ಇದ್ದಕ್ಕಿದ್ದಂತೆ ಮೊಡವೆ ಹೆಚ್ಚಿ, ಸಿಟ್ಟು ಮೂಗಿನ ತುದಿಗೆ ಬಂದು, ತೂಕ ಒಂದೇ ಸಮನೆ ಏರುತ್ತಿದ್ದರೆ ಕೂರಿಸಿಕೊಂಡು ಕೇಳಿ. ಬೈಯುವುದು ಆಮೇಲೆ, ಮೊದಲು ವೈದ್ಯರಲ್ಲಿಗೆ.

ಡಬ್ಬಿಗಳ ಕಾಲಕ್ಕೆ ಮುಂಚೆಯೂ ನಮ್ಮ ನಾಡಿನಲ್ಲಿ ದೇಹ ಕಟ್ಟಿದವರಿದ್ದರು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. 1930ರಲ್ಲೇ ಸ್ನಾಯು ಬೆಳೆಸುವ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಮೈಸೂರಿನ ಗರಡಿಮನೆಗಳಲ್ಲೂ ದಂಡ, ಬಸ್ಕಿಗಳಿಗೆ ಎಣಿಕೆಯಿತ್ತು. ಈ ವಾರ ಐವತ್ತು ಬಸ್ಕಿಯಾದರೆ ಮುಂದಿನ ವಾರ ಐವತ್ತೈದು. ಗುಟ್ಟು ಇರುವುದೇ ಈ ಎಣಿಕೆಯಲ್ಲಿ. ಹೊರೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿದರೆ ಮಾತ್ರ ಸ್ನಾಯು ಬೆಳೆಯುತ್ತದೆ.

ಆದ್ದರಿಂದ ಡಬ್ಬಿಗಿಂತ ಮೊದಲು ಮಗನಿಗೆ ನೂರು ಹಾಳೆಯ ಒಂದು ನೋಟ್‌ಬುಕ್ ಮತ್ತು ದರ್ಜಿಯ ಟೇಪು ಕೊಡಿ. ವಾರಕ್ಕೊಮ್ಮೆ ಫಜ್ರ್ ನಮಾಝಿನ ನಂತರ, ಚಹಾಕ್ಕೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆಯಲಿ. ನಾಲ್ಕು ವಾರಕ್ಕೊಮ್ಮೆ ತೋಳು, ಎದೆ, ಸೊಂಟ, ತೊಡೆಯ ಅಳತೆ. ಯಾವ ದಿನ ಎಷ್ಟು ಭಾರ, ಎಷ್ಟು ಸಲ ಎತ್ತಿದ ಎನ್ನುವುದೂ ಅದರಲ್ಲಿರಲಿ. ಜಿಮ್ ಹುಡುಗರು ಅಂಗಿ ಕಳಚಿ ಫೋಟೊ ತೆಗೆದುಕೊಳ್ಳುತ್ತಾರೆ. ಅದರ ಅಗತ್ಯವೇ ಇಲ್ಲ, ಟೇಪು ಸಾಕು. ತೋಳಿಗಿಂತ ಸೊಂಟವೇ ಬೇಗ ಹಿಗ್ಗುತ್ತಿದ್ದರೆ ಬಂದದ್ದು ಬೊಜ್ಜು. ಎರಡು ಮೂರು ವಾರ ತೂಕವೂ ಎತ್ತುವ ಭಾರವೂ ನಿಂತಲ್ಲೇ ನಿಂತರೆ ಊಟ ಸಾಲುತ್ತಿಲ್ಲ, ಅಥವಾ ರಾತ್ರಿ ಮೊಬೈಲ್ ಹಿಡಿದು ನಿದ್ದೆಗೆಡುತ್ತಿದ್ದಾನೆ. (ಎರಡನೆಯದೇ ಹೆಚ್ಚು.)

ಇನ್ನು ಊಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು. 55 ಕಿಲೋ ಹುಡುಗನಿಗೆ ಹಾಗಾದರೆ 66ರಿಂದ 88 ಗ್ರಾಂ. ಮೂರು ಮೊಟ್ಟೆಗೆ 18, ಎರಡು ಲೋಟ ಹಾಲಿಗೆ ಸುಮಾರು 13, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 7, ಐವತ್ತು ಗ್ರಾಂ ಹುರುಳಿಗೆ 11. ರಾಗಿ ಮುದ್ದೆ, ಅನ್ನದಿಂದ ಇನ್ನೊಂದು ಇಪ್ಪತ್ತು. ಕೋಳಿ ಮಾಡಿದ ದಿನ ಬೇರೆಯೇ ಲೆಕ್ಕ. ಡಬ್ಬಿ ಇಲ್ಲದೆಯೇ ಎಪ್ಪತ್ತರ ಹತ್ತಿರ ಬಂದೆವು! ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮಗನ ಮಾತು ಇಷ್ಟು. ಆ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳು ತಾಯಿಗಿರಲಿ. “ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುತ್ತೇನೆ, ನೀರು ಸೇದುತ್ತೇನೆ, ನನಗ್ಯಾಕೆ ವ್ಯಾಯಾಮ?” ಎನ್ನಬಹುದು. ದುಡಿಮೆ ದೊಡ್ಡದೇ. ಆದರೆ ಇಪ್ಪತ್ತು ವರ್ಷದಿಂದ ಅದೇ ಕೊಡ, ಅದೇ ಹೊರೆ. ದೇಹ ಅದಕ್ಕೆ ಒಗ್ಗಿಹೋಗಿದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಸಜ್ದಾದಿಂದ ಏಳಲು ಕೈ ಊರಬೇಕಾಗುವುದು, ಕೊನೆಗೆ ಕುರ್ಚಿಯ ಮೇಲೆ ನಮಾಝ್ ಮಾಡಬೇಕಾಗುವುದು, ಎಲ್ಲವೂ ಮಂಡಿನೋವಿನಿಂದಲೇ ಅಲ್ಲ. ತೊಡೆಯ ಬಲ ಹೋದದ್ದರಿಂದಲೂ ಹೌದು.

ಪರೀಕ್ಷೆ ಸುಲಭ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೈಗಳನ್ನು ಎದೆಗೆ ಕಟ್ಟಿ ಕುಳಿತು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ, ಎಣಿಸಿ. 60ರಿಂದ 64ರ ಮಹಿಳೆಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಗ್ಗಿದೆ ಎಂದು ಲೆಕ್ಕ. ಇಂದು ಒಂಬತ್ತಾದರೆ ಮೂರು ತಿಂಗಳಲ್ಲಿ ಹನ್ನೆರಡು ಎಂದು ಗುರಿ ಇಡಿ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದು ಲೀಟರಿನ ಎರಡು ನೀರಿನ ಬಾಟಲಿ ಸಾಕು, ಕೈಗೆ ಒಂದೊಂದು ಕಿಲೋ. ಅದು ಹಗುರವೆನಿಸಿದಾಗ ನೀರು ಚೆಲ್ಲಿ ಮರಳು ತುಂಬಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ರಮಝಾನಿನಲ್ಲಿ ಗುರಿ ಬೇರೆ. ಆ ತಿಂಗಳು ಹೆಚ್ಚಿಸಲು ಹೋಗದೆ ಇದ್ದದ್ದನ್ನು ಉಳಿಸಿಕೊಂಡರೆ ಸಾಕು. ವ್ಯಾಯಾಮ ಇಫ್ತಾರಿನ ನಂತರ, ಹಗುರವಾಗಿ. ಸಹರಿಯಲ್ಲಿ ಬರೀ ಚಹಾ-ಬನ್ ಆಗದೆ ಮೊಟ್ಟೆ, ಕಾಳು ಇರಲಿ. ತೂಕ ಅರ್ಧ ಕಿಲೋ ಇಳಿದರೂ ಇದ್ದದ್ದನ್ನು ಇದ್ದಂತೆ ಬರೆಯಿರಿ. ಶವ್ವಾಲಿನ ಲೆಕ್ಕ ಅಲ್ಲಿಂದ ಮುಂದುವರಿಯಲಿ.