ಮಳೆಗಾಲವೂ ಸೈಕಲ್ ಸವಾರನೂ

ಮೃಗಶಿರಾ ಮಳೆ ಕಾಲಿಟ್ಟಿತೆಂದರೆ ನಮ್ಮ ಈ ಪುಣೆಯ ಪತ್ರಿಕೆಗಳಲ್ಲಿ ಎರಡು ಬಗೆಯ ಚಿತ್ರಗಳು ತಪ್ಪದೆ ಅಚ್ಚಾಗುತ್ತವೆ. ಸಿಂಹಗಡದ ಮೇಲೆ ಮಂಜಿನ ನಡುವೆ ನಿಂತು ಬಿಸಿ ಬಜ್ಜಿ ತಿನ್ನುವ ತರುಣರದು ಒಂದು. ನೀರು ನಿಂತ ಚೌಕದಲ್ಲಿ ಒಂದರ ಹಿಂದೊಂದು ಸಾಲುಗಟ್ಟಿದ ಮೋಟಾರುಗಳದು ಇನ್ನೊಂದು. ನಗರಕ್ಕೆ ಮಳೆಯೆಂದರೆ ವಿಹಾರ, ಇಲ್ಲವೆ ಅಡಚಣೆ. ಈ ಎರಡು ಚಿತ್ರಗಳ ನಡುವೆ, ಬೆಳಗಿನ ಆರು ಗಂಟೆಯ ಮಬ್ಬಿನಲ್ಲಿ, ಪ್ಲಾಸ್ಟಿಕ್ಕಿನ ಹಾಳೆಯನ್ನು ತಲೆಯ ಮೇಲಿಂದ ಹೊದ್ದು, ಬುತ್ತಿಯ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ, ತಲೆ ತಗ್ಗಿಸಿ ಪೆಡಲು ತುಳಿಯುತ್ತ ಹೋಗುವ ಮೂರನೆಯವನೊಬ್ಬನುಂಟು. ಅವನ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಅವನ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನಾವು ಈ ಲೇಖನವನ್ನು ಬರೆಯಹೊರಟಿದ್ದೇವೆ.

ಅವನು ಯಾರೆಂದು ನಮ್ಮ ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ತಂದೆಯವರು, ಅಣ್ಣಂದಿರು, ಚಿಕ್ಕಪ್ಪಂದಿರು ಅವನೇ. ಹೊಟೇಲಿನಲ್ಲಿ ಬೆಳಗಿನ ಇಡ್ಲಿಗೆ ಒಲೆ ಹೊತ್ತಿಸುವವರು, ರಾತ್ರಿ ಕಾವಲು ಮುಗಿಸಿ ಮನೆಗೆ ಮರಳುವವರು, ಕಟ್ಟಡದ ಕೆಲಸಕ್ಕೆ ಹೋಗುವ ಮೇಸ್ತ್ರಿಗಳು, ಮನೆಮನೆಗೆ ಪತ್ರಿಕೆ ಹಾಕುವವರು: ಇವರಿಗೆಲ್ಲ ಬಸ್ಸು ಹೊರಡುವ ಮುನ್ನವೇ ಹೊತ್ತು ಮೂಡಿರುತ್ತದೆ. 2011ರ ಜನಗಣತಿಯಲ್ಲಿ, ಜನರು ಕೆಲಸಕ್ಕೆ ಹೇಗೆ ಹೋಗುತ್ತಾರೆಂಬುದನ್ನು ವಿಚಾರಿಸಿದಾಗ, ಹೊಲದ ಕೆಲಸವಲ್ಲದ ಉದ್ಯೋಗಗಳಿಗೆ ಸೈಕಲ್ಲಿನಲ್ಲಿ ಹೋಗುವವರು ದೇಶದಲ್ಲಿ ಎರಡೂವರೆ ಕೋಟಿಗೂ ಮಿಕ್ಕಿದ್ದಾರೆಂದು ತಿಳಿದುಬಂದಿತು. ಎರಡೂವರೆ ಕೋಟಿ ಜನರಿಗೂ ಮಳೆಗಾಲವುಂಟು.

ನಮ್ಮ ಊರುಗಳಲ್ಲಿ ಮಳೆಗೆ ಹೆಸರುಗಳಿದ್ದವು, ಈಗಲೂ ಇವೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಹಿರಿಯರು ನಂಟರ ಹೆಸರುಗಳನ್ನು ಎಣಿಸುವಂತೆ ಎಣಿಸುತ್ತಾರೆ. ಮಳೆ ಬಂದರೆ ರೈತನು ಕೆಲಸಕ್ಕೆ ಹೊರಡುತ್ತಾನೆ. ಮಲೆನಾಡಿನವನಾದರೆ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನವಿಡೀ ಕೆಸರಿನಲ್ಲಿಯೇ ನಿಂತಿರುತ್ತಾನೆ. ಅಲ್ಲಿ ಮಳೆ ಬಂದುದರಿಂದ ಹೊರಡುವುದು. ಇಲ್ಲಿ ಮಳೆ ಬಂದರೂ ಹೊರಡುವುದು. ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡದು. ನಗರದ ಕೆಲಸಗಾರನಿಗೆ ಮಳೆಯಿಂದ ಬರುವ ಲಾಭವಿಲ್ಲ, ಅದರ ಪೆಟ್ಟು ಮಾತ್ರ ಅವನ ಪಾಲಿಗೆ.

ಹಾಗೆಂದು ಎಲ್ಲ ದೋಷವನ್ನೂ ಮಳೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಭೂಗೋಳದ ತರಗತಿಯಲ್ಲಿ ನೀವು ಓದಿದ್ದೀರಿ: ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯ ಪಶ್ಚಿಮದ ಮೈಯಲ್ಲಿಯೇ ಬಹುಪಾಲು ನೀರನ್ನು ಸುರಿದುಬಿಡುತ್ತವೆ, ಬೆಟ್ಟ ದಾಟಿ ನಮ್ಮ ಕಡೆಗೆ ಬರುವಾಗ ಅವುಗಳ ಕೊಡ ಬಹಳ ಮಟ್ಟಿಗೆ ಬರಿದಾಗಿರುತ್ತದೆ. ಮುಂಬಯಿಯಲ್ಲಿ ಮಳೆಗಾಲವೊಂದಕ್ಕೆ 2,000 ಮಿಲಿಮೀಟರಿಗೂ ಮೀರಿ ಸುರಿದರೆ, ಪುಣೆಯಲ್ಲಿ ವರ್ಷವೆಲ್ಲ ಸೇರಿದರೂ 700ರಿಂದ 750ರ ಆಸುಪಾಸು. ಅದರಲ್ಲಿಯೂ ಜುಲೈ ತಿಂಗಳಿನದು ಹೆಚ್ಚಾಗಿ ಜಿಟಿಜಿಟಿ ಮಳೆ, ಕುಂಭದ್ರೋಣವಲ್ಲ. ಸೈಕಲ್ಲಿನ ನಾಡೆಂದು ಹೆಸರಾದ ನೆದರ್‌ಲ್ಯಾಂಡ್ಸಿನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಪುಣೆಯದಕ್ಕಿಂತ ಕಡಿಮೆಯೇನೂ ಅಲ್ಲ. 800 ಮಿಲಿಮೀಟರನ್ನು ಮೀರುತ್ತದೆ, ಮೇಲಾಗಿ ಅದು ಹನ್ನೆರಡು ತಿಂಗಳಿಗೂ ಹಂಚಿಹೋಗಿದೆ. ಆದರೂ ಅಲ್ಲಿ ಜನರು ಮಾಡುವ ಪ್ರಯಾಣಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೆಯೇ ನಡೆಯುತ್ತವೆ. ಅದು ಚಪ್ಪಟೆಯಾದ ದೇಶ, ನಮ್ಮಂತೆ ಏರುತಗ್ಗುಗಳಿಲ್ಲ ಎಂದು ನೀವು ಹೇಳಬಹುದು, ಒಪ್ಪುತ್ತೇವೆ. ಆದರೆ ಅಲ್ಲಿಯೂ ಸೈಕಲ್ಲಿನ ದಾರಿಗಳು ಆಕಾಶದಿಂದ ಬೀಳಲಿಲ್ಲ. 1970ರ ದಶಕದಲ್ಲಿ ಮೋಟಾರುಗಳಿಗೆ ಸಿಕ್ಕಿ ಮಕ್ಕಳು ಸಾಯತೊಡಗಿದಾಗ ತಾಯಿತಂದೆಗಳು ಬೀದಿಗಿಳಿದು ಕೇಳಿದರು, ಕೇಳಿದ್ದರಿಂದ ದೊರೆಯಿತು.

ಹಾಗಾದರೆ ನಮ್ಮ ಸವಾರನ ವೈರಿ ಯಾರು? ರಸ್ತೆಯೇ ಎಂದು ನಮ್ಮ ಅಭಿಪ್ರಾಯ. ನೀವೇ ಒಮ್ಮೆ ಮಳೆ ಬರುವಾಗ ಕಿಟಕಿಯಿಂದ ನೋಡಿರಿ. ರಸ್ತೆಯನ್ನು ಕಟ್ಟುವವರು ನಡುವನ್ನು ತುಸು ಉಬ್ಬಿಸಿ, ಎರಡೂ ಅಂಚುಗಳನ್ನು ಇಳಿಸಿ ಕಟ್ಟುತ್ತಾರೆ; ನೀರು ನಡುವೆ ನಿಲ್ಲದೆ ಅಂಚಿಗೆ ಹರಿದು ಚರಂಡಿಗೆ ಸೇರಲೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಸೈಕಲ್ ಸವಾರನಿಗೆ ನಾವು ಕೊಟ್ಟಿರುವ ಜಾಗ ಯಾವುದು? ಅದೇ ಅಂಚು. ಮೋಟಾರಿಗೆ ಒಣಗಿದ ಉಬ್ಬು, ಸೈಕಲ್ಲಿಗೆ ನೀರು ನಿಂತ ತಗ್ಗು! ಚರಂಡಿಯ ಬಾಯಿ ಎಲೆಕಸದಿಂದ ಕಟ್ಟಿಕೊಂಡಿದ್ದರೆ, ಅಂಚಿನಲ್ಲಿ ಮೊಳಕಾಲುದ್ದದ ಕೆಂಪು ನೀರು. ಅದರಡಿಯಲ್ಲಿ ಹೊಂಡವಿದೆಯೊ ಜಲ್ಲಿಯಿದೆಯೊ ದೇವರೇ ಬಲ್ಲ. ನಾಲ್ಕೂ ಕಡೆ ಗಾಜು ಮುಚ್ಚಿಕೊಂಡು ಕುಳಿತವನಿಗೆ ರಸ್ತೆಯ ಒಳ್ಳೆಯ ಭಾಗವನ್ನೂ, ಮೈಮೇಲೆ ಒಂದು ಪ್ಲಾಸ್ಟಿಕ್ಕಿನ ಹಾಳೆ ಬಿಟ್ಟು ಬೇರೇನೂ ಇಲ್ಲದವನಿಗೆ ಕೆಟ್ಟ ಭಾಗವನ್ನೂ ಹಂಚಿರುವ ಈ ವ್ಯವಸ್ಥೆ ಯಾರೂ ಬೇಕೆಂದು ಮಾಡಿದ್ದಲ್ಲ. ಯಾರೂ ಯೋಚಿಸದೆ ಆದದ್ದು. ಆದುದರಿಂದಲೇ ಯಾರೂ ಅದನ್ನು ಸರಿಪಡಿಸುವುದೂ ಇಲ್ಲ. ಮೇಲೆ, ವೇಗವಾಗಿ ಹೋಗುವ ಮೋಟಾರು ಆ ಅಂಚಿನ ನೀರನ್ನೇ ಎತ್ತಿ ಅವನ ಮೈಗೆ ಎರಚಿ ಹೋಗುತ್ತದೆ. ಎರಚಿದವನಿಗೆ ಅದು ತಿಳಿಯುವುದೂ ಇಲ್ಲ.

ಇನ್ನು ಸೈಕಲ್ಲಿನ ಸ್ವಭಾವವನ್ನು ನೋಡೋಣ. ನಮ್ಮವರು ಹೆಚ್ಚಾಗಿ ತುಳಿಯುವುದು ಕಂಬಿಬ್ರೇಕಿನ ದಪ್ಪ ಸೈಕಲ್ಲುಗಳನ್ನು. ಹಿಡಿಯನ್ನು ಒತ್ತಿದರೆ ಕಂಬಿಗಳು ಎರಡು ರಬ್ಬರಿನ ತುಂಡುಗಳನ್ನು ಎಳೆದು ಗಾಲಿಯ ಉಕ್ಕಿನ ರಿಮ್ಮಿಗೆ ತಾಗಿಸುತ್ತವೆ. ಘರ್ಷಣೆಯಿಂದ ಗಾಲಿ ನಿಲ್ಲುತ್ತದೆ. ಘರ್ಷಣೆಯ ಪಾಠವನ್ನು ಓದಿದವರಿಗೆ ಮುಂದಿನದು ಹೊಳೆದೀತು. ನುಣುಪಾದ ಉಕ್ಕು, ಅದರ ಮೇಲೊಂದು ನೀರಿನ ಪೊರೆ, ಆಮೇಲೆ ರಬ್ಬರು: ಘರ್ಷಣೆ ಎಲ್ಲಿ ಉಳಿಯಿತು? ಒಣಗಿದ ದಿನ ಹತ್ತು ಮಾರಿನಲ್ಲಿ ನಿಲ್ಲುವ ಸೈಕಲ್ಲು ಒದ್ದೆಯ ದಿನ ಆ ಹತ್ತು ಮಾರನ್ನು ದಾಟಿ ಬಹುದೂರ ಹೋಗಿಯೇ ನಿಲ್ಲುತ್ತದೆ. ಗಾಲಿ ಕೆಲವು ಸುತ್ತು ತಿರುಗುವಾಗ ರಬ್ಬರು ಮೊದಲು ನೀರನ್ನು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಆದುದರಿಂದ ಬಲ್ಲ ಸವಾರನು ಚೌಕ ಇನ್ನೂ ದೂರವಿರುವಾಗಲೇ ಬ್ರೇಕನ್ನು ಮೆಲ್ಲನೆ ಒತ್ತಿ ರಿಮ್ಮನ್ನು ಒರೆಸಿಟ್ಟುಕೊಳ್ಳುತ್ತಾನೆ. ಇದನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದು ಹೋಗುವ ಸಾಹಸಿಗಳನ್ನೂ ನಾವು ಕಾಣುತ್ತೇವೆ. ಅವರು ಎರಡು ಬ್ರೇಕುಗಳಲ್ಲಿ ಒಂದನ್ನು ಮನೆಯಲ್ಲಿಯೇ ಬಿಟ್ಟುಬಂದವರು. ಗಾಳಿ ಬೀಸಿದರೆ ಸೈಕಲ್ಲಿಗೆ ಹಾಯಿಪಟ ಕಟ್ಟಿದವರು.

ಅತ್ಯಂತ ಅಪಾಯದ ದಿನ ಯಾವುದೆಂದು ಕೇಳಿದರೆ, ದೊಡ್ಡ ಮಳೆಯ ದಿನವೆಂದು ಹುಡುಗರು ಹೇಳುತ್ತಾರೆ. ನಿಜಕ್ಕೂ ಅದು ಮೊದಲ ಮಳೆಯ ದಿನ. ಬೇಸಗೆಯೆಲ್ಲ ಮೋಟಾರುಗಳಿಂದ ಸೋರಿದ ಎಣ್ಣೆ, ಸವೆದ ಟಾಯರಿನ ಪುಡಿ, ಧೂಳು ಇವೆಲ್ಲ ಮೊದಲ ಹನಿಗಳೊಡನೆ ಸೇರಿ ರಸ್ತೆಯ ಮೇಲೆ ಸಾಬೂನಿನಂತೆ ಹರಡುತ್ತವೆ. ಬಳಿಕ ಬರುವ ದೊಡ್ಡ ಮಳೆ ಅದನ್ನು ತೊಳೆದುಬಿಡುತ್ತದೆ. ರಸ್ತೆಗೆ ಬಳಿದ ಬಿಳಿಯ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ ಇವು ಮಾತ್ರ ಮಳೆಗಾಲ ಮುಗಿಯುವವರೆಗೂ ಜಾರುವವೇ. ಅವುಗಳ ಮೇಲೆ ಸೈಕಲ್ಲನ್ನು ಓರೆ ಮಾಡಿ ತಿರುಗಿಸಬಾರದು, ನೇರವಾಗಿ ದಾಟಬೇಕು. ಹಳೆಯ ಡೈನಮೋ ದೀಪದ ಗತಿಯೂ ಹೀಗೆಯೇ. ಒದ್ದೆ ಟಾಯರಿನ ಮೇಲೆ ಅದರ ಪುಟ್ಟ ಉರುಳೆ ಜಾರಿ, ಬೆಳಕು ಹೆಚ್ಚಾಗಿ ಬೇಕಾದ ರಾತ್ರಿಯಲ್ಲಿಯೇ ದೀಪ ಕಣ್ಣುಮುಚ್ಚುತ್ತದೆ.

ಇಷ್ಟನ್ನೂ ದಾಟಿ ಕೆಲಸದ ಜಾಗವನ್ನು ತಲುಪಿದವನಿಗೆ ಅಲ್ಲಿ ದೊರೆಯುವ ಸ್ವಾಗತವೇನು? ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿಗೆ ಕತ್ತರಿ. ಹೀಗೆ ಕೂಲಿ ಕಳೆದುಕೊಂಡ ತಂದೆಯವರೊಬ್ಬರು ಕಳೆದ ಮಳೆಗಾಲದಲ್ಲಿ ಮಗನ ಪುಸ್ತಕದ ಹಣವನ್ನು ಮುಂದಿನ ತಿಂಗಳು ಕೊಡುವೆನೆಂದು ನಮ್ಮ ಮುಂದೆ ಸಂಕೋಚದಿಂದ ಹೇಳಿದರು. ಅವರು ತಡವಾದುದು ಸೋಮಾರಿತನದಿಂದಲ್ಲ, ನೀರು ನಿಂತ ಕಡೆ ಇಳಿದು ಸೈಕಲ್ಲನ್ನು ನೂಕಿಕೊಂಡು ಬಂದುದರಿಂದ. ತೊಯ್ದ ಬಟ್ಟೆಯನ್ನು ಆರಹಾಕಲು ಅಲ್ಲಿ ಒಂದು ಹಗ್ಗವೂ ಇಲ್ಲ. ಸಂಜೆಯವರೆಗೆ ಅದು ಮೈಮೇಲೆಯೇ ಒಣಗಬೇಕು. ಮಳೆಗಾಲದ ನಾಲ್ಕು ತಿಂಗಳು ಕಾಲು ಗಂಟೆಯ ರಿಯಾಯಿತಿ, ಸೈಕಲ್ಲು ನಿಲ್ಲಿಸಲು ಒಂದು ಮಾಡು, ಬಟ್ಟೆ ತೂಗುಹಾಕಲು ನಾಲ್ಕು ಗೂಟ: ಇಷ್ಟನ್ನು ಕೊಟ್ಟರೆ ಯಾವ ಮಾಲಿಕನೂ ದಿವಾಳಿಯಾಗುವುದಿಲ್ಲ.

ಇದು ಎಲ್ಲಿಯೂ ಇಲ್ಲದ ಹೊಸ ಬೇಡಿಕೆಯೇನೂ ಅಲ್ಲ. ಈ ಪುಣೆಗೆ ಒಂದು ಕಾಲದಲ್ಲಿ ಸೈಕಲ್ಲುಗಳ ನಗರವೆಂದೇ ಹೆಸರು. 1869ರಷ್ಟು ಹಳೆಯದಾದ ಖಡಕಿಯ ಮದ್ದುಗುಂಡಿನ ಕಾರಖಾನೆಗೆ, 1954ರಲ್ಲಿ ಆರಂಭವಾದ ಪಿಂಪರಿಯ ಪೆನಿಸಿಲಿನ್ ಕಾರಖಾನೆಗೆ ಕೆಲಸಗಾರರು ಹಿಂಡು ಹಿಂಡಾಗಿ ಸೈಕಲ್ಲಿನಲ್ಲಿ ಹೋಗುತ್ತಿದ್ದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ನೂರಾರು ಜನ ಒಟ್ಟಾಗಿ ಹೊರಟಾಗ ರಸ್ತೆಯೇ ಅವರದಾಗುತ್ತದೆ. ಅಂಚಿಗೆ ಸರಿಯೆಂದು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಬಳಿಕ ಸ್ಕೂಟರು ಬಂದಿತು, ಮೋಟಾರ್ ಸೈಕಲ್ಲು ಬಂದಿತು. ಹಿಂಡು ಕರಗಿ ಒಬ್ಬೊಬ್ಬನೇ ಉಳಿದ. 2017ರಲ್ಲಿ ಮಹಾನಗರಪಾಲಿಕೆಯು ಸೈಕಲ್ಲಿಗಾಗಿ ದೊಡ್ಡದೊಂದು ಯೋಜನೆಯನ್ನು ಅಂಗೀಕರಿಸಿತು. ಅದೇ ವರ್ಷದ ಕೊನೆಯಲ್ಲಿ ಬಾಡಿಗೆಯ ಬಣ್ಣದ ಸೈಕಲ್ಲುಗಳೂ ಬೀದಿಗಿಳಿದವು. ಅವು ಬಹುಕಾಲ ನಿಲ್ಲಲಿಲ್ಲ. ವಿಶ್ವಸಂಸ್ಥೆಯು 2018ರಲ್ಲಿ ಜೂನ್ 3ನ್ನು ಸೈಕಲ್ ದಿನವೆಂದು ಸಾರಿತು. 2020ರ ಅದೇ ಜೂನ್ 3ರಂದು, ನಮ್ಮ ತಂದೆಯವರ ಪೀಳಿಗೆಯೆಲ್ಲ ಬಲ್ಲ ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದಿನ ಕಾರಖಾನೆಯು ಬಾಗಿಲು ಹಾಕಿತು. ದಿನಾಚರಣೆಗಳಿಂದ ಏನಾಗುತ್ತದೆಂಬುದರ ಬಗ್ಗೆ ನಮಗೆ ಹೆಚ್ಚಿನ ನಂಬಿಕೆಯಿಲ್ಲ.

ನಿಮ್ಮಲ್ಲಿ ಕೆಲವರು, ಅದರಲ್ಲಿಯೂ ಮೇಲಿನ ತರಗತಿಯವರು, ತಂದೆಯ ಸೈಕಲ್ಲನ್ನು ಗೆಳೆಯರೆದುರಿಗೆ ನೋಡದಂತೆ ನಟಿಸುವುದನ್ನು ನಾವು ಬಲ್ಲೆವು. ಕರ್ನಾಟಕ ಸರಕಾರವು 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಟ್ಟಾಗ ಊರಿನಲ್ಲಿರುವ ನಿಮ್ಮ ದಾಯಾದಿಗಳು ಅದನ್ನು ಪೂಜೆ ಮಾಡಿ ಓಣಿಯೆಲ್ಲ ಮೆರೆಸಿದರು. ಅದೇ ವಾಹನ ಘಟ್ಟ ದಾಟಿ ನಗರಕ್ಕೆ ಬಂದೊಡನೆ ನಾಚಿಕೆಯ ವಸ್ತುವಾಗುವುದು ವಿಚಿತ್ರ. ಮಳೆಯಲ್ಲಿ ಸ್ಕೂಟರಿನವನೂ ಅಷ್ಟೇ ತೊಯ್ಯುತ್ತಾನೆ. ಜಾರಿದರೆ ಹೆಚ್ಚು ಪೆಟ್ಟು ತಿನ್ನುತ್ತಾನೆ.

ಆದರೆ ಇನ್ನೊಂದು ತುದಿಗೆ ಹೋಗಿ ಹಾಡಿ ಹೊಗಳುವವರ ಜೊತೆಗೂ ನಾವು ಸೇರುವುದಿಲ್ಲ. ಐವತ್ತು ದಾಟಿದ ದೇಹವು ಜಡಿಮಳೆಯಲ್ಲಿ ಹದಿನೈದು ಕಿಲೋಮೀಟರು ತುಳಿದರೆ ಅದನ್ನು ವ್ಯಾಯಾಮವೆಂದು ಕರೆಯುವುದು ಹೊಟ್ಟೆ ತುಂಬಿದವರ ಮಾತು. ಅವರಿಗೆ ಬೇಕಾದುದು ನಮ್ಮ ಮೆಚ್ಚುಗೆಯಲ್ಲ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಸೈಕಲ್ಲು ಬೇಕೆಂದವನಿಗೆ ಸೈಕಲ್ಲು, ಬೇಡವೆಂದವನಿಗೆ ಬೇರೆ ದಾರಿ ಎರಡೂ ಇರಬೇಕು.

ಹೊರಡಬಾರದ ದಿನಗಳೂ ಉಂಟು. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮುಠಾ ನದಿಯ ಭಿಡೆ ಸೇತುವೆ ಮುಳುಗುತ್ತದೆಂಬುದು ನಗರಕ್ಕೆಲ್ಲ ಗೊತ್ತು. 2019ರ ಸೆಪ್ಟೆಂಬರ್ 25ರ ರಾತ್ರಿ ನದಿಯಲ್ಲ, ಆಂಬಿಲ್ ಎಂಬ ಹಳ್ಳವೇ ಉಕ್ಕಿ ಮನೆಗಳಿಗೆ ನುಗ್ಗಿತು. ಹಲವರು ಪ್ರಾಣ ಕಳೆದುಕೊಂಡರು. ತಳ ಕಾಣದ ನೀರಿಗೆ ಸೈಕಲ್ಲನ್ನು ಇಳಿಸಬಾರದು. ಮುಂಬಯಿಯಲ್ಲಿ 2017ರ ಆಗಸ್ಟ್ 29ರ ಮಳೆಯಲ್ಲಿ, ಮೋಟಾರಿನಿಂದ ಇಳಿದು ನಡೆದುಹೋಗುತ್ತಿದ್ದ ಹೆಸರಾಂತ ವೈದ್ಯರೊಬ್ಬರು ತೆರೆದ ಚರಂಡಿಯ ಬಾಯಿಗೆ ಬಿದ್ದು ತೀರಿಕೊಂಡರು. ಒಂದು ದಿನದ ಕೂಲಿ ಹೋದರೆ ಹೋಗಲಿ, ಹಿಂದಿರುಗಿ ಬನ್ನಿರೆಂದು ಮನೆಯಲ್ಲಿ ಹೇಳುವ ಅಧಿಕಾರ ಮಕ್ಕಳಿಗೂ ಇದೆ.

ದಿನದಿನದ ಕೆಲಸದಲ್ಲಿ ನಿಮ್ಮ ಪಾಲೂ ಸ್ವಲ್ಪವಿದೆ. ಮಳೆಯ ನೀರು ಚೈನಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ವಾರಕ್ಕೊಮ್ಮೆ ಒರೆಸಿ ಎರಡು ಹನಿ ಎಣ್ಣೆ ಬಿಡುವುದು ಹತ್ತು ವರ್ಷದ ಮಗುವಿಗೂ ಸಾಧ್ಯ. ಸವೆದ ಬ್ರೇಕಿನ ರಬ್ಬರು ಬದಲಾಯಿಸಬೇಕೆಂದು ತಂದೆಯವರಿಗೆ ನೆನಪಿಸಿರಿ, ಅವರಿಗೆ ಹೊತ್ತಿರುವುದಿಲ್ಲ. ಹಳೆಯ ಟ್ಯೂಬಿನ ತುಂಡೊಂದನ್ನು ಮುಂದಿನ ಮಡ್‌ಗಾರ್ಡಿನ ತುದಿಗೆ ಕಟ್ಟಿದರೆ ಕೆಸರು ಕಾಲಿಗೆ ಸಿಡಿಯುವುದು ಕಡಿಮೆಯಾಗುತ್ತದೆ. ಹಿಂದೆ ಕೆಂಪು ಪ್ರತಿಫಲಕವಿಲ್ಲದಿದ್ದರೆ ಇಂದೇ ಹಾಕಿಸಿರಿ.

ಮಾಲಿಕರಿಗೂ ನಗರಪಾಲಿಕೆಗೂ ಬುದ್ಧಿ ಹೇಳಹೊರಟ ನಮ್ಮ ಶಾಲೆಯಲ್ಲಿಯೇ ಸೈಕಲ್ಲು ನಿಲ್ಲಿಸುವ ಜಾಗಕ್ಕೆ ಮಾಡಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಅಧ್ಯಾಪಕರಲ್ಲಿ ಮೂವರು, ವಿದ್ಯಾರ್ಥಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸೈಕಲ್ಲಿನಲ್ಲಿ ಬರುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ ಬಂದ ತೊಯ್ದ ಹುಡುಗನನ್ನು ಮಳೆಗಾಲದಲ್ಲಿ ಬಾಗಿಲ ಹೊರಗೆ ನಿಲ್ಲಿಸಬಾರದೆಂದು ಅಧ್ಯಾಪಕರ ಸಭೆಯಲ್ಲಿ ನಾವು ಕೇಳಿಕೊಂಡಿದ್ದೇವೆ. ಮಾಡಿಗೆ ಬೇಕಾಗುವ ತಗಡಿನ ಬೆಲೆಯನ್ನೂ ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದೇವೆ. ಲೆಕ್ಕದ ಚೀಟಿ ಮುಖ್ಯಾಧ್ಯಾಪಕರ ಮೇಜಿನ ಮೇಲಿದೆ.