ಗೈಡಿನ ಇಂಗ್ಲಿಷು ಗೇಟಿನಾಚೆ ನಡೆಯೋಲ್ಲ

ಚಿಕ್ಕಯ್ಯನಛತ್ರ ಹೋಬಳಿಯ ಹುಡುಗ ಹತ್ತನೇ ಕ್ಲಾಸು ಪಾಸಾಗುತ್ತಾನೆ. ಗೈಡಿನ ರಜಾ ಅರ್ಜಿ ಉರು ಹೊಡೆದಿರುತ್ತಾನೆ, ಬರೆಯುತ್ತಾನೆ, ಮಾರ್ಕೂ ಬೀಳುತ್ತೆ. ನಂಜನಗೂಡಿನ ಕಾರ್ಖಾನೆ ಗೇಟಿನಲ್ಲಿ ನಾಲ್ಕು ಸಾಲು ಸ್ವಂತವಾಗಿ ಬರಿ ಎಂದರೆ ಪೆನ್ನು ಓಡೋಲ್ಲ.

ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷು ಬಂದಿದೆ. ಹತ್ತು ವರ್ಷ ಕಲಿತದ್ದಾಯಿತು. ಬರೆದದ್ದೆಲ್ಲ ಬೋರ್ಡಿನ ನಕಲು.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕೂರುತ್ತೆ, ಇಂಗ್ಲಿಷಿನಲ್ಲಿ ನಡುವೆ ನುಗ್ಗುತ್ತೆ. ಇಬ್ಬರು ತಮ್ಮಂದಿರಿದ್ದಾರೆ ಎನ್ನಲು ನಮ್ಮವರು 'ಐ ಆಮ್ ಹ್ಯಾವಿಂಗ್' ಎಂದೇ ಶುರುಮಾಡುತ್ತಾರೆ. 'ಐ ಹ್ಯಾವ್' ಸಾಕು. (ಪದವೀಧರರೂ ಇದಕ್ಕೆ ಹೊರತಲ್ಲ ಅನ್ನಿ.) ಸೂತ್ರ ಬಾಯಿಪಾಠ ಮಾಡಿದರೆ ಇದು ಹೋಗೋಲ್ಲ. ಬಸ್ಸು ಯಾಕೆ ತಡವಾಯಿತು, ಅಂಗಡಿಯಲ್ಲಿ ಎಷ್ಟು ಖರ್ಚಾಯಿತು, ಹೀಗೆ ದಿನಕ್ಕೆ ಐದು ಸಾಲು ತನ್ನ ಮಾತಿನಲ್ಲೇ ಬರೆಯಬೇಕು. ಮೇಷ್ಟ್ರು ತಪ್ಪು ತೋರಿಸಬೇಕು, ಹುಡುಗ ತಿದ್ದಿ ಮತ್ತೆ ಬರೆಯಬೇಕು. ಈ 'ಮತ್ತೆ' ಎಂಬುದೇ ನಡೆಯುತ್ತಿಲ್ಲ.

ದೊಡ್ಡ ಶಬ್ದ, ಉದ್ದ ವಾಕ್ಯ ಬೇಕೇ ಇಲ್ಲ. ಮೈಸೂರಿನಲ್ಲೇ ಇದ್ದು ಬರೆದ ಆರ್.ಕೆ. ನಾರಾಯಣ್ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದವರು. 1935ರಲ್ಲಿ ಅವರ ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಇಂಗ್ಲಿಷು ಸರಳವಾದದ್ದೇ.

ಮೇಷ್ಟ್ರಿಗೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಡ್ಯೂಟಿ ಉಂಟು, ನಿಜ. ಆದರೂ ವಾರಕ್ಕೊಂದು ಪೀರಿಯಡ್ಡು ಗೈಡು ಮುಚ್ಚಿಸಿ ಬರೆಸುವಂತೆ ಶಿಕ್ಷಣಾಧಿಕಾರಿಗಳು ಅಪ್ಪಣೆ ಕೊಡಲಿ. ಪುಸ್ತಕದಂಗಡಿಯವರೂ ಗೈಡು ಕೇಳಿ ಬಂದವನ ಕೈಗೆ ಒಂದು ಖಾಲಿ ನೋಟ್‌ಬುಕ್ಕನ್ನೂ ಇಡಲಿ.