ಎಡದಿಂದ ಬಲಕ್ಕೆ ಮೂರನೆಯವರು ಯಾರು?

ಡಿಸೆಂಬರಿನಿಂದ ಮೇ ತಿಂಗಳವರೆಗೆ ಯಾವುದೇ ಕನ್ನಡ ಪತ್ರಿಕೆಯ ಜಿಲ್ಲಾ ಪುಟ ತೆರೆದರೂ ‘ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ’ ಎಂಬ ತಲೆಬರಹ ಕಣ್ಣಿಗೆ ಬೀಳುತ್ತದೆ. ಇಪ್ಪತ್ತೈದೋ ಮೂವತ್ತೋ ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚಿನವರು ಊರಿನ ಹೈಸ್ಕೂಲಿನ ಅಂಗಳದಲ್ಲಿ ಶಾಮಿಯಾನ ಹಾಕಿಸುತ್ತಾರೆ. ನಿವೃತ್ತ ಮೇಷ್ಟ್ರುಗಳಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಕೆಲವರಂತೂ ಹಳೆಯ ಗಂಟೆ ಬಾರಿಸಿ, ಸಾಲಾಗಿ ನಿಂತು ಪ್ರಾರ್ಥನೆ ಹೇಳಿ, ಬೆಂಚಿನಲ್ಲಿ ಕುಳಿತು ಹಾಜರಿಯನ್ನೂ ಕೂಗಿಸಿಕೊಳ್ಳುತ್ತಾರೆ. ಊಟದ ಎಲೆ ಬೀಳುವ ಮುಂಚೆ ಎಲ್‌ಇಡಿ ಪರದೆ ಬೆಳಗುತ್ತದೆ. ‘ನೆನಪಿನ ಬುತ್ತಿ’ ಶುರುವಾಗುತ್ತದೆ.

ಬುತ್ತಿ ಯಾವ ಊರಿನದಾದರೂ ರುಚಿ ಒಂದೇ. ಮದುವೆ ವಿಡಿಯೊ ಮಾಡುವ ಸ್ಟುಡಿಯೊದ ಸಿದ್ಧ ಚೌಕಟ್ಟು, ಮೂಲೆಯಿಂದ ಉದುರುವ ಗುಲಾಬಿ ಪಕಳೆ, ಹೃದಯದ ಆಕಾರದೊಳಗೆ ಕಪ್ಪು-ಬಿಳುಪು ಮುಖ, ಹಿನ್ನೆಲೆಗೆ ಗಂಟಲು ಬಿಗಿಸುವ ಒಂದು ಸಿನಿಮಾ ಹಾಡು. ಐದು ನಿಮಿಷದ ವಿಡಿಯೊ ಎಂದರೆ 300 ಸೆಕೆಂಡು. ಒಂದೊಂದು ಚಿತ್ರಕ್ಕೆ ಮೂರು ಸೆಕೆಂಡು ಹಿಡಿದರೆ ನೂರು ಚಿತ್ರ. ಅರವತ್ತು ಮಕ್ಕಳು ನಾಲ್ಕು ಸಾಲಿನಲ್ಲಿ ನಿಂತ ಗ್ರೂಪ್ ಫೋಟೊಕ್ಕೂ ಅದೇ ಮೂರು ಸೆಕೆಂಡು. ಅಷ್ಟರಲ್ಲಿ ನೋಡುವವರು ತಮ್ಮ ಮುಖವನ್ನಷ್ಟೇ ಹುಡುಕಿಕೊಳ್ಳುತ್ತಾರೆ. ಸಿಕ್ಕರೆ ಶಿಳ್ಳೆ. ಸಿಗುವ ಮೊದಲೇ ಚಿತ್ರ ಪುಟ ಮಗುಚಿಕೊಂಡು ಹೋಗಿರುತ್ತದೆ.

ಇಷ್ಟು ಶ್ರಮಪಟ್ಟು, ಬೆಂಗಳೂರು, ಪುಣೆ, ದುಬೈಗಳಿಂದ ಎಲ್ಲರನ್ನೂ ಕರೆಸಿ, ಕೊನೆಗೆ ತೋರಿಸುವುದು ಯಾರ ಹೆಸರನ್ನೂ ಹೇಳದ ಚಿತ್ರವೇ? ಈ ಕೆಲಸವನ್ನು ಸ್ಟುಡಿಯೊದಿಂದ ಬಿಡಿಸಿ ಅದೇ ಶಾಲೆಯ ಈಗಿನ ಮಕ್ಕಳ ಕೈಗೆ ಕೊಡಬೇಕು. ಹತ್ತನೆಯವರಿಗೆ ಪರೀಕ್ಷೆಯ ಗಡಿಬಿಡಿ, ಒಂಬತ್ತನೆಯವರು ಸಾಕು. ಕೈನ್‌ಮಾಸ್ಟರ್‌ನಂಥ ಆ್ಯಪ್‌ಗಳನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅವರಿಗೇ ಕೊಡಬೇಕು ಎನ್ನುವುದಕ್ಕೆ ಕಾರಣ ಆ ಕೈಚಳಕ ಅಲ್ಲ. ಅವರಿಗೆ ಫೋಟೊದಲ್ಲಿರುವ ಒಬ್ಬರೂ ಗೊತ್ತಿಲ್ಲ. ಹಾಗಾಗಿ ಅವರು ಕೇಳಿಯೇ ಕೇಳುತ್ತಾರೆ: ಇವರು ಯಾರು? ಈಗ ಎಲ್ಲಿದ್ದಾರೆ? ಇವರ ಕಾಲಲ್ಲಿ ಚಪ್ಪಲಿ ಯಾಕಿಲ್ಲ?

ಈ ಪ್ರಶ್ನೆಗಳನ್ನು ಬ್ಯಾಚಿನವರು ತಮ್ಮತಮ್ಮಲ್ಲಿ ಕೇಳಿಕೊಳ್ಳುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು ಎಂಬ ಭರವಸೆಯಲ್ಲಿ ಅವರಿರುತ್ತಾರೆ. ಗ್ರೂಪ್ ಫೋಟೊ ಕೈಗೆ ಕೊಟ್ಟು ಹೆಸರು ಹೇಳಿ ಎಂದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಡವರಿಕೆ ಶುರು. ಹಳೆಯ ಕಾಲೇಜುಗಳ ಗ್ರೂಪ್ ಫೋಟೊಗಳಿಗೆ ಗಟ್ಟಿ ರಟ್ಟಿನ ಅಂಚಿರುತ್ತಿತ್ತು. ‘ಕುಳಿತವರು, ಎಡದಿಂದ ಬಲಕ್ಕೆ’, ‘ನಿಂತವರು, ಎಡದಿಂದ ಬಲಕ್ಕೆ’ ಎಂದು ಅದರ ಮೇಲೆ ಹೆಸರುಗಳನ್ನೂ ಅಚ್ಚು ಹಾಕಿಸುತ್ತಿದ್ದರು. ಹಳ್ಳಿಯ ಹೈಸ್ಕೂಲಿನ ಫೋಟೊಕ್ಕೆ ಆ ಭಾಗ್ಯ ಇರಲಿಲ್ಲ. ಮುಂದೆ ನೆಲದ ಮೇಲೆ ಕುಳಿತ ಹುಡುಗನ ಮಡಿಲಲ್ಲಿ ಒಂದು ಸ್ಲೇಟು, ಅದರ ಮೇಲೆ ಸೀಮೆಸುಣ್ಣದಲ್ಲಿ ತರಗತಿ ಮತ್ತು ಇಸವಿ. ಅಷ್ಟೇ ದಾಖಲೆ. ನಡುವೆ ಕುರ್ಚಿಯಲ್ಲಿ ಹೆಡ್‌ಮಾಸ್ಟರು, ತುದಿಯಲ್ಲಿ ಅರ್ಧ ತೋಳು ಕತ್ತರಿಸಿಹೋದಂತೆ ನಿಂತ ಜವಾನ. ನಲವತ್ತು ವರ್ಷ ಗಂಟೆ ಬಾರಿಸಿದವನ ಹೆಸರು ಎಷ್ಟು ಬ್ಯಾಚುಗಳಿಗೆ ನೆನಪಿದೆ?

ಫೋಟೊ ಎಂಬುದೇ ಆಗ ದುಬಾರಿ ವಸ್ತು. ಆಗ್ಫಾ ಕ್ಲಿಕ್-3 ಎಂಬ ಪುಟ್ಟ ಕ್ಯಾಮೆರಾ ಅನೇಕ ಮನೆಗಳಿಗೆ ಬಂದಿತ್ತು. ಅದರ 120 ಫಿಲ್ಮ್ ರೋಲಿನಲ್ಲಿ ಹನ್ನೆರಡೇ ಚಿತ್ರ. ಆಮೇಲೆ ಬಂದ 35 ಎಂಎಂ ರೋಲಿನಲ್ಲಿ 36. ಕ್ಲಿಕ್ಕಿಸುವ ಮೊದಲು ಹತ್ತು ಸಲ ಯೋಚಿಸಬೇಕಿತ್ತು. ಅನೇಕ ಮಕ್ಕಳ ಮೊದಲ ಫೋಟೊ ಎಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆಂದು ಪೇಟೆಯ ಸ್ಟುಡಿಯೊದಲ್ಲಿ, ಅಲ್ಲಿಯೇ ಇಟ್ಟಿದ್ದ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ತೆಗೆಸಿಕೊಂಡ ಪಾಸ್‌ಪೋರ್ಟ್ ಸೈಜಿನದು. ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೊಕ್ಕೆ ಎಲ್ಲರೂ ನಿಂತರು. ಪ್ರತಿ ಬೇಕಾದರೆ ದುಡ್ಡು ಕೊಡಬೇಕಿತ್ತು. ಕೊಟ್ಟವರ ಮನೆಗೆ ಫೋಟೊ ಹೋಯಿತು, ಕೊಡಲಾಗದವರು ಬೇರೆಯವರ ಮನೆಯ ಗೋಡೆಯಲ್ಲಿ ಉಳಿದುಕೊಂಡರು. ಆಮೇಲೆ ಗೆದ್ದಲು, ಸೋರುವ ಹೆಂಚು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟುಮೂಟೆ. ಹಾಗಾಗಿ ‘ಇರುವ ಫೋಟೊ ಎಲ್ಲ ಕಳಿಸಿ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದಾಗ ಬರುವುದು ಉಳಿಸಿಕೊಳ್ಳಲು ಅನುಕೂಲವಿದ್ದವರ ಫೋಟೊ. ಒಬ್ಬನೇ ಹುಡುಗ ಹನ್ನೆರಡು ಚಿತ್ರಗಳಲ್ಲಿ ಕಾಣುತ್ತಾನೆ. ಹನ್ನೆರಡು ಹುಡುಗಿಯರು ಒಂದರಲ್ಲೂ ಕಾಣುವುದಿಲ್ಲ.

ಹುಡುಗಿಯರ ಲೆಕ್ಕವನ್ನೇ ನೋಡಿ. 1991ರ ಜನಗಣತಿಯ ಪ್ರಕಾರ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ 44ರ ಆಸುಪಾಸಿನಲ್ಲಿತ್ತು, ಪುರುಷರದು ಶೇ 67. ಆ ಕಾಲದ ಎಸ್ಸೆಸ್ಸೆಲ್ಸಿ ಬ್ಯಾಚು ಎಂದರೆ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ದಾಟಿ, ಮದುವೆಯ ಮಾತು ದಾಟಿ, ಹೈಸ್ಕೂಲಿನ ದೂರ ದಾಟಿ ಬಂದವರ ಬ್ಯಾಚು. ಒಂದನೆಯ ತರಗತಿಯಲ್ಲಿ ಪಕ್ಕ ಕುಳಿತಿದ್ದವಳು ಐದರಲ್ಲಿ ತಂಗಿಯನ್ನು ನೋಡಿಕೊಳ್ಳಲು ನಿಂತಳು, ಏಳರಲ್ಲಿ ಇನ್ನೊಬ್ಬ ಗ್ಯಾರೇಜಿಗೆ ಸೇರಿದ. ವಾಟ್ಸ್‌ಆ್ಯಪ್ ಗುಂಪಿನ ಹೆಸರಿನಲ್ಲೇ ಎಸ್ಸೆಸ್ಸೆಲ್ಸಿ ಇಸವಿ ಇರುವಾಗ ಅವರನ್ನು ಯಾರು ಸೇರಿಸುತ್ತಾರೆ? ಪರೀಕ್ಷೆಯಲ್ಲಿ ಫೇಲಾದವರು ಆಹ್ವಾನ ಹೋದರೂ ಬರುವುದು ಕಷ್ಟ. ಸಂತೋಷದ ದಿನ ಇದೆಲ್ಲ ಯಾಕೆ ಎನ್ನುವವರು ಇರುತ್ತಾರೆ. ಆದರೆ ಊರಿನಲ್ಲೇ ಇರುವ, ಅಂದು ಅಡುಗೆಗೆ ತರಕಾರಿ ತಂದು ಇಳಿಸಿದ ಹಳೆಯ ಸಹಪಾಠಿ ಶಾಮಿಯಾನದ ಹೊರಗೆ ನಿಂತು ವಿಡಿಯೊ ನೋಡುವ ಸಮ್ಮಿಲನದಲ್ಲಿ ಸಂತೋಷಕ್ಕೂ ಏನೋ ಕೊರತೆಯಿದೆ.

ಫೋಟೊ ಇಲ್ಲದವರನ್ನು ಚಿತ್ರದಲ್ಲಿ ತರುವುದು ಹೇಗೆ? ಹೈಸ್ಕೂಲಿನ ಮತ್ತು ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸೇರಿದವರೆಲ್ಲರ ಹೆಸರಿದೆ, ಬಿಟ್ಟವರದೂ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಅವರ ಎದುರೇ ಕುಳಿತು ಹೆಸರಿನ ಪಟ್ಟಿಯೊಂದನ್ನು ಬರೆದುಕೊಳ್ಳಬಹುದು. ಪುಟದ ಫೋಟೊ ಮಾತ್ರ ಪರದೆಯ ಮೇಲೆ ಬರಕೂಡದು. ಆ ಪುಸ್ತಕದಲ್ಲಿ ಜಾತಿ, ತಂದೆಯ ಕಸುಬು, ಹುಟ್ಟಿದ ದಿನ ಎಲ್ಲವೂ ಇರುತ್ತವೆ. ಪಟ್ಟಿಯಲ್ಲಿ ಮುಖ ಸಿಗದ ಹೆಸರು ಬಂದಾಗ ಕಪ್ಪು ಪರದೆಯ ಮೇಲೆ ಆ ಹೆಸರೊಂದೇ ಐದು ಸೆಕೆಂಡು ನಿಂತರೆ ಸಾಕು. ಪಕ್ಕದಲ್ಲಿ ಯಾರಾದರೂ ‘ಅವಳು ನಮ್ಮ ಓಣಿಯವಳು, ಖೋ ಖೋದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ’ ಎಂದು ಹೇಳಿದ ಧ್ವನಿ ಕೇಳಿದರೆ ಇನ್ನೂ ಒಳ್ಳೆಯದು. ಆ ಧ್ವನಿಯನ್ನು ರೆಕಾರ್ಡ್ ಮಾಡಿಕೊಳ್ಳಲು ಒಂದು ಮೊಬೈಲು, ಗಾಳಿ ಸದ್ದಿಲ್ಲದ ಒಂದು ಕೋಣೆ ಇದ್ದರಾಯಿತು.

ಮಕ್ಕಳು ಕೇಳುವ ಪ್ರಶ್ನೆಯಿಂದ ಬೇರೆ ಸಂಗತಿಗಳೂ ಹೊರಬರುತ್ತವೆ. ರಾಜ್ಯದಲ್ಲಿ ಬಿಸಿಯೂಟ ಶುರುವಾದದ್ದು 2002ರಲ್ಲಿ, ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಎಂಟನೆಯವರಿಗೆ ಸೈಕಲ್ ಕೊಡತೊಡಗಿದ್ದು 2006-07ರಲ್ಲಿ, ಕ್ಷೀರಭಾಗ್ಯದ ಹಾಲು 2013ರ ಆಗಸ್ಟಿನಲ್ಲಿ. ಇವೆಲ್ಲ ಶಾಲೆಯ ಜೊತೆಗೇ ಹುಟ್ಟಿದವು ಎಂದುಕೊಂಡ ಹುಡುಗನಿಗೆ ಎಪ್ಪತ್ತರ ದಶಕದವರು ‘ಕೇರ್’ ಸಂಸ್ಥೆಯ ನೆರವಿನ ಉಪ್ಪಿಟ್ಟಿನ ಕಥೆ ಹೇಳುತ್ತಾರೆ. ತೊಂಬತ್ತರ ದಶಕದವರು ಡಬ್ಬಿ ತರಲಾಗದೆ ಮಧ್ಯಾಹ್ನ ಬೋರ್‌ವೆಲ್ ನೀರು ಕುಡಿದು ಬಂದವರ ಹೆಸರು ಹೇಳುತ್ತಾರೆ. ಗುಲಾಬಿ ಪಕಳೆಯ ವಿಡಿಯೊದಲ್ಲಿ ಇದಕ್ಕೆ ಜಾಗವಿಲ್ಲ.

ಕೋಲಿನ ಕಥೆಗೂ ಹಾಗೆಯೇ. ಸಮ್ಮಿಲನಗಳಲ್ಲಿ ಅದು ನಗೆಯ ವಿಷಯ. ‘ಸರ್ ಹೊಡೆದಿದ್ದರಿಂದಲೇ ಇವತ್ತು ಹೀಗಿದ್ದೇವೆ’ ಎಂದು ವೇದಿಕೆಯಿಂದ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಹೊಡೆತ ತಾಳದೆ ಶಾಲೆ ಬಿಟ್ಟವನು ಚಪ್ಪಾಳೆ ತಟ್ಟಲು ಅಲ್ಲಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕ್ಯಾಮೆರಾ ಹಿಡಿದ ಒಂಬತ್ತನೆಯ ತರಗತಿಯ ಹುಡುಗಿ ‘ನಿಮಗೆ ನೋವಾಗಲಿಲ್ಲವೇ?’ ಎಂದು ಕೇಳಿದಾಗ ಐವತ್ತರ ಗಂಡಸು ಒಂದು ಕ್ಷಣ ಮಾತು ನಿಲ್ಲಿಸಬಹುದು. ಎಡಿಟ್ ಮಾಡುವಾಗ ಆ ಮೌನವನ್ನು ಕತ್ತರಿಸಬಾರದು. ಅಡ್ಡಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಬ್ಯಾಚಿನ ಗಂಡಸರು ಪ್ರೀತಿಯಿಂದ ಕೂಗುವ ಎಷ್ಟೋ ಅಡ್ಡಹೆಸರು ಮೈಬಣ್ಣದ ಮೇಲೆ, ಕುಂಟು ನಡಿಗೆಯ ಮೇಲೆ, ಜಾತಿಯ ಮೇಲೆ ಇಟ್ಟವು.

ಚಲನೆಯಿಲ್ಲದ ಫೋಟೊಗಳಿಂದ ಸಿನಿಮಾ ಮಾಡಿದರೆ ಬೋರಾಗುತ್ತದೆ, ಹಾಗಾಗಿ ಎಫೆಕ್ಟ್ ಬೇಕು ಎಂಬ ವಾದವನ್ನು ಸ್ಟುಡಿಯೊದವರು ಮುಂದಿಡುತ್ತಾರೆ. ಆದರೆ ಅದನ್ನು ಸುಳ್ಳುಮಾಡಿದ ಚಿತ್ರಗಳಿವೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1957ರಲ್ಲಿ ‘ಸಿಟಿ ಆಫ್ ಗೋಲ್ಡ್’ ಎಂಬ ಕಿರುಚಿತ್ರ ತಯಾರಿಸಿತು. ಚಿನ್ನದ ಆಸೆಗೆ ಜನ ಮುಗಿಬಿದ್ದಿದ್ದ ಡಾಸನ್ ಸಿಟಿ ಎಂಬ ಊರಿನ ಹಳೆಯ ಗಾಜಿನ ಪ್ಲೇಟಿನ ಫೋಟೊಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುತ್ತದೆ. ಅದೇ ಊರಿನಲ್ಲಿ ಬೆಳೆದ ಲೇಖಕ ಪಿಯರ್ ಬರ್ಟನ್ ಕಥೆ ಹೇಳುತ್ತಾ ಹೋಗುತ್ತಾರೆ. ಅಮೆರಿಕದ ಅಂತರ್ಯುದ್ಧದ ಬಗ್ಗೆ 1990ರಲ್ಲಿ ಸಾಕ್ಷ್ಯಚಿತ್ರ ಸರಣಿ ಮಾಡಿದ ಕೆನ್ ಬರ್ನ್ಸ್ ತಮ್ಮ ಮೇಲೆ ಈ ಚಿತ್ರದ ಪ್ರಭಾವವಿದೆ ಎಂದು ಒಪ್ಪಿಕೊಂಡಿದ್ದಾರೆ. ಮೊಬೈಲ್ ಎಡಿಟಿಂಗ್ ಆ್ಯಪ್‌ಗಳಲ್ಲಿ ಫೋಟೊ ಮೆಲ್ಲನೆ ಹಿಗ್ಗುವುದು, ಪಕ್ಕಕ್ಕೆ ಜಾರುವುದು ಎಲ್ಲ ಆ ಪರಂಪರೆಯದೇ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ತೆಗೆದ ‘ಲಾ ಜೆತೆ’ 28 ನಿಮಿಷದ ಚಿತ್ರ. ಒಂದೇ ಒಂದು ಚಿಕ್ಕ ದೃಶ್ಯ ಬಿಟ್ಟರೆ ಉಳಿದದ್ದೆಲ್ಲ ಚಲನೆಯಿಲ್ಲದ ಫೋಟೊಗಳು. ಅಲ್ಲಿ ಪಕಳೆ ಉದುರುವುದಿಲ್ಲ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ನೂರು ಫೋಟೊ ಬೇಡ, ಇಪ್ಪತ್ತು ಇರಲಿ. ಗ್ರೂಪ್ ಫೋಟೊಕ್ಕೆ ಒಂದು ನಿಮಿಷ ಕೊಡಿ. ಮೂರನೆಯವಳ ಮುಖದಿಂದ ಶುರುಮಾಡಿ, ಹೆಸರು ಹೇಳಿ, ಪಕ್ಕದವಳಿಗೆ ಸರಿಯಿರಿ, ಕೊನೆಗೆ ಇಡೀ ಸಾಲು ಕಾಣಿಸಲಿ.

ಹೀಗೆ ಹತ್ತಿರ ಹೋಗಬೇಕಾದರೆ ಫೋಟೊ ಒಡೆಯಬಾರದು. ವಾಟ್ಸ್‌ಆ್ಯಪಿನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರ ಕುಗ್ಗಿಯೇ ಬರುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲದಂತೆಯೇ ಇರುತ್ತದೆ. ನಾಲ್ಕು-ಆರು ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400-3600 ಪಿಕ್ಸೆಲ್ ಸಿಗುತ್ತದೆ. ಪೂರ್ಣ ಎಚ್‌ಡಿ ಪರದೆಗೆ ಬೇಕಾದದ್ದು 1920-1080. ಹಳೆಯ ಕಪ್ಪು-ಬಿಳುಪು ಪ್ರಿಂಟುಗಳು ಇನ್ನೂ ಗಟ್ಟಿಯಾಗಿರುತ್ತವೆ. ಎಂಬತ್ತರ ದಶಕದ ಕಲರ್ ಫೋಟೊಗಳೇ ನೀಲಿ ಕಳೆದುಕೊಂಡು ಕೆಂಪಾಗಿರುವುದು. ಅಂಟಿನ ಹಾಳೆಯ ಆಲ್ಬಮ್ಮಿನಿಂದ ಅವನ್ನು ಕಿತ್ತು ಹರಿಯುವುದಕ್ಕಿಂತ ಅಲ್ಲಿದ್ದ ಹಾಗೆಯೇ ನೆರಳಿನ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳುವುದು ಕ್ಷೇಮ.

ಇನ್ನು ಕೃತಕ ಬುದ್ಧಿಮತ್ತೆಯ ಆಟ. ಹಳೆಯ ಫೋಟೊದಲ್ಲಿರುವವರು ಕಣ್ಣು ಮಿಟುಕಿಸಿ ನಗುವಂತೆ ಮಾಡುವ ‘ಡೀಪ್ ನಾಸ್ಟಾಲ್ಜಿಯಾ’ವನ್ನು ಮೈಹೆರಿಟೇಜ್ ಕಂಪನಿ 2021ರ ಫೆಬ್ರುವರಿಯಲ್ಲಿ ಹೊರತಂದಿತು. 2025ರ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಫೋಟೊಗಳನ್ನು ಗಿಬ್ಲಿ ಶೈಲಿಯ ಕಾರ್ಟೂನು ಮಾಡಿಕೊಂಡರು. ತೀರಿಹೋದ ಗಣಿತದ ಮೇಷ್ಟ್ರು ಪರದೆಯ ಮೇಲೆ ತಲೆ ತಿರುಗಿಸಿ ಮುಗುಳ್ನಕ್ಕರೆ ಸಭೆ ಕಣ್ಣೀರಿಡುವುದು ಖಂಡಿತ. ಆದರೆ ಆ ಮೇಷ್ಟ್ರು ಬದುಕಿದ್ದಾಗ ತರಗತಿಯಲ್ಲಿ ಒಮ್ಮೆಯೂ ನಕ್ಕವರಲ್ಲ ಎಂಬುದು ಎದುರು ಕುಳಿತ ಅರವತ್ತು ಜನಕ್ಕೂ ಗೊತ್ತು! ಮುಂದಿನ ಸಾಲಿನಲ್ಲಿ ಅವರ ಮನೆಯವರೂ ಕುಳಿತಿರುತ್ತಾರೆ. ಅವರನ್ನು ಕೇಳದೆ ಹೀಗೆ ಮಾಡುವುದು ಸಲಿಗೆಯನ್ನೂ ಮೀರಿದ ಕೆಲಸ.

ಹಾಡಿನ ವಿಷಯ ಚಿಕ್ಕದು. ತಮಿಳಿನ ‘96’ ಸಿನಿಮಾ, ಅದರ ಕನ್ನಡ ರೂಪ ‘99’ ಬಂದ ಮೇಲೆ ಸಮ್ಮಿಲನವೆಂದರೆ ಕೈಗೂಡದ ಪ್ರೇಮ ಎಂಬ ಭಾವನೆ ಗಟ್ಟಿಯಾಗಿದೆ, ವಿಡಿಯೊದ ಹಾಡುಗಳೂ ಅದೇ ಧಾಟಿಯವು. ಅವನ್ನು ಬಳಸಿ ಯೂಟ್ಯೂಬಿಗೆ ಹಾಕಿದರೆ ಹಕ್ಕುಸ್ವಾಮ್ಯದ ಎಚ್ಚರಿಕೆಯೂ ಬರಬಹುದು. ಶಾಲೆಯ ಗಂಟೆ, ಈಗಿನ ಮಕ್ಕಳ ಪ್ರಾರ್ಥನೆ, ಮಗ್ಗಿ ಹೇಳುವ ಸದ್ದು ಇವಕ್ಕೆ ಯಾರೂ ಹಕ್ಕು ಕೇಳುವುದಿಲ್ಲ.

ವಿಡಿಯೊ ಮುಗಿದ ಮೇಲೆ ಅದು ಎಲ್ಲಿರುತ್ತದೆ? ಸಾಮಾನ್ಯವಾಗಿ ಗುಂಪಿನಲ್ಲಿ ಫಾರ್ವರ್ಡ್ ಆಗಿ, ಫೋನಿನ ಮೆಮೊರಿ ತುಂಬಿದ ದಿನ ಅಳಿಸಿಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿ ಹೆಡ್‌ಮಾಸ್ಟರಿಗೆ ಕೊಟ್ಟರೆ ಅವರ ವರ್ಗಾವಣೆಯ ನಂತರ ಯಾವ ಡ್ರಾಯರಿನಲ್ಲಿದೆ ಎಂದು ಹುಡುಕಬೇಕು. ಮಕ್ಕಳು ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಒಂದು ಆಲ್ಬಮ್ಮಿಗೆ ಪ್ರಿಂಟ್ ಹಾಕಿಸಿ, ಎದುರು ಪುಟದಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆದು, ಗೊತ್ತಾಗದ ಮುಖಕ್ಕೆ ಸಂಖ್ಯೆ ಕೊಟ್ಟು ಜಾಗ ಖಾಲಿ ಬಿಟ್ಟು, ಶಾಲೆಯ ಗ್ರಂಥಾಲಯಕ್ಕೆ ಕೊಡುವುದೇ ಸರಿ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ದಾಖಲೆಗೆ ಸೇರಿಸಲಿ. ಖರ್ಚಿಗೆ ವೇದಿಕೆಯ ಹೂವಿನ ಅಲಂಕಾರದಲ್ಲಿ ಒಂದಿಷ್ಟು ಉಳಿಸಿದರೆ ಆಯಿತು. ಒಂದು ಬ್ಯಾಚಿನವರು ಗುರುತಿಸಲಾಗದ ಹುಡುಗಿಯ ತಮ್ಮನೋ ತಂಗಿಯೋ ಎರಡು ಮೂರು ವರ್ಷದ ಹಿಂದು ಮುಂದಿನ ಬ್ಯಾಚಿನಲ್ಲಿ ಓದಿರುವುದು ಹಳ್ಳಿಶಾಲೆಗಳಲ್ಲಿ ಮಾಮೂಲು. ಅವರ ಸಮ್ಮಿಲನ ನಡೆಯುವಾಗ ಆ ಆಲ್ಬಮ್ ಮೇಜಿನ ಮೇಲೆ, ಪಕ್ಕದಲ್ಲಿ ಒಂದು ಪೆನ್ಸಿಲ್ ಸಮೇತ, ಇರಲಿ.